ಪಾಠ ಹೇಳೋಕೆ ಮುಂಚೆ ಮಗು ಓದೋದನ್ನ ಕೇಳಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ಊರಿನ ಸರ್ಕಾರಿ ಶಾಲೆಗೆ ಹೋಗಿ ಮಕ್ಕಳಿಗೆ ಓದು, ಲೆಕ್ಕ ಹೇಳ್ಕೊಡೋ ಯುವಕ ಯುವತಿಯರು, ರಿಟೈರ್ ಆದವರು, ಶನಿವಾರ ಬಿಡುವು ಮಾಡ್ಕೊಂಡು ಬರೋ ಕಂಪನಿ ಉದ್ಯೋಗಿಗಳು, ಇವರಿಗೆಲ್ಲ ತರಬೇತಿ ಹೇಗಿರಬೇಕು ಅನ್ನೋದರ ಬಗ್ಗೆ ಪ್ರಶ್ನೆ ಕಳಿಸಿ ಅಂತ ಈ ಸಲ ನಿಮ್ಮನ್ನ ಕೇಳಿದ್ವಿ. ಪತ್ರದಲ್ಲೂ ವಾಟ್ಸಾಪಲ್ಲೂ ಚೆನ್ನಾಗೇ ಬಂದಿವೆ. ಒಂದೇ ಥರದವನ್ನ ಒಟ್ಟಿಗೆ ಸೇರಿಸಿ, ಹೆಚ್ಚು ಜನಕ್ಕೆ ಉಪಯೋಗ ಆಗೋವನ್ನ ಇಲ್ಲಿ ತಗೊಂಡಿದೀನಿ.

ಪ್ರಶ್ನೆ: ಬಿ.ಎ. ಮುಗಿಸಿ ಮನೇಲಿದೀನಿ. ನಮ್ಮೂರ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರು ನಮ್ಮಂಥ ಐದಾರು ಹುಡ್ಗೀರನ್ನ ಕರೆದು, ನಾಲ್ಕು-ಐದನೇ ಕ್ಲಾಸಿನ ಮಕ್ಕಳಿಗೆ ದಿನಾ ಒಂದು ಗಂಟೆ ಓದಿಸಿ, ಸ್ವಲ್ಪ ಗೌರವಧನ ಕೊಡ್ತೀವಿ ಅಂದಿದಾರೆ. ನಮ್ಗೆ ಡಿ.ಎಡ್ ಇಲ್ಲ, ಬಿ.ಎಡ್ ಇಲ್ಲ. ಮೊದಲನೇ ದಿನ ಕ್ಲಾಸಿಗೆ ಹೋಗಿ ಏನ್ ಮಾಡ್ಬೇಕು ಅಂತಾನೂ ಗೊತ್ತಿಲ್ಲ ಮೇಡಂ. ಏನು ಕಲಿತ್ಕೊಂಡು ಹೋಗ್ಬೇಕು?
(ಚಳ್ಳಕೆರೆ ತಾಲ್ಲೂಕಿನ ಓದುಗರು)

ಉತ್ತರ: ತಂಗಿ, ಡಿ.ಎಡ್ ಇಲ್ಲ ಅಂತ ಹಿಂಜರಿಯಬೇಡಿ. ಮುಂಬೈಯಲ್ಲಿ 1990ರ ದಶಕದಲ್ಲಿ ಪ್ರಥಮ್ ಸಂಸ್ಥೆಯವರು ಬಾಲಸಖಿ ಅಂತ ಒಂದು ಕೆಲಸ ಶುರು ಮಾಡಿದ್ರು, ಅಂದ್ರೆ ಅದೇ ಬಡಾವಣೆಯ, ಹತ್ತೋ ಹನ್ನೆರಡೋ ಓದಿರೋ ಹುಡ್ಗೀರು ಮುನಿಸಿಪಲ್ ಶಾಲೆಗೆ ಹೋಗಿ ಮೂರು-ನಾಲ್ಕನೇ ಕ್ಲಾಸಲ್ಲಿ ಹಿಂದೆ ಬಿದ್ದಿರೋ ಹದಿನೈದಿಪ್ಪತ್ತು ಮಕ್ಕಳನ್ನ ದಿನಕ್ಕೆ ಎರಡು ಗಂಟೆ ಬೇರೆ ಕೂರಿಸ್ಕೊಂಡು ಓದಿಸ್ತಿದ್ರು. ವರ್ಷದ ಶುರುವಿನಲ್ಲಿ ಅವರಿಗೆ ಸಿಗ್ತಿದ್ದ ತರಬೇತಿ ಎರಡೇ ವಾರದ್ದು. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಅವರ ಜೊತೆಗಾರರು ಮುಂಬೈ, ವಡೋದರಾ ಎರಡೂ ಕಡೆ ಇದನ್ನ ಪರೀಕ್ಷೆ ಮಾಡಿ 2007ರಲ್ಲಿ ಪ್ರಕಟಿಸಿದ್ರು, ಮಕ್ಕಳ ಅಂಕ ನಿಜವಾಗಲೂ ಏರಿತ್ತು, ಅದ್ರಲ್ಲೂ ಎಲ್ಲರಿಗಿಂತ ಹಿಂದಿದ್ದ ಮಕ್ಕಳಿಗೇ ಜಾಸ್ತಿ ಲಾಭ ಆಗಿತ್ತು. ಬ್ಯಾನರ್ಜಿ, ಡುಫ್ಲೋ ಅವರಿಗೆ 2019ರಲ್ಲಿ ನೊಬೆಲ್ ಬಂತಲ್ಲ, ಆ ಕೆಲಸಗಳ ಸಾಲಿನಲ್ಲಿ ಇದೂ ಒಂದು. ಹಾಗಾಗಿ ನೀವು ಮಾಡ್ತಿರೋದು ಚಿಕ್ಕ ಕೆಲಸ ಅಂತ ಯಾರಾದ್ರೂ ಅಂದ್ರೆ ಕಿವಿಗೆ ಹಾಕ್ಕೋಬೇಡಿ.

ಈಗ ಮೊದಲನೇ ದಿನದ ವಿಷಯ. ಅವತ್ತು ಪಾಠ ಮಾಡ್ಬೇಡಿ. ಬೋರ್ಡ್ ಹತ್ರನೂ ಹೋಗ್ಬೇಡಿ. ಒಂದೊಂದೇ ಮಗುವನ್ನ ಪಕ್ಕದಲ್ಲಿ ಕೂರಿಸ್ಕೊಂಡು ಓದಿಸಿ, ನೀವು ಸುಮ್ಮನೆ ಕೇಳಿ. 2005ರಿಂದ ಅಸರ್ ಸಮೀಕ್ಷೆಯವರು ದೇಶದ ಹಳ್ಳಿ ಹಳ್ಳೀಲಿ ಮಕ್ಕಳ ಓದನ್ನ ನೋಡೋಕೆ ಬಳಸ್ತಿರೋ ಕ್ರಮ ಬಹಳ ಸರಳ, ಒಂದೇ ಹಾಳೆ ಸಾಕು. ಅದ್ರಲ್ಲಿ ಅಕ್ಷರಗಳು, ಎರಡಕ್ಷರದ ಸುಲಭ ಪದಗಳು, ಒಂದನೇ ಕ್ಲಾಸ್ ಮಟ್ಟದ ನಾಲ್ಕು ಸಾಲಿನ ಪ್ಯಾರಾ, ಎರಡನೇ ಕ್ಲಾಸ್ ಮಟ್ಟದ ಒಂದು ಪುಟ್ಟ ಕಥೆ ಇರುತ್ತೆ. ಶುರು ಮಾಡೋದು ಪ್ಯಾರಾದಿಂದ. ಮಗು ಅದನ್ನ ಸರಾಗವಾಗಿ ಓದಿದ್ರೆ ಕಥೆ ಕೊಡಿ, ತಡವರಿಸಿದ್ರೆ ಪದಗಳಿಗೆ ಇಳೀರಿ, ಐದು ಪದದಲ್ಲಿ ನಾಲ್ಕು ಸರಿ ಬಂದ್ರೆ ಅದು ಪದ ಓದೋ ಮಗು, ಬರ್ಲಿಲ್ಲ ಅಂದ್ರೆ ಅಕ್ಷರಕ್ಕೆ ಇಳೀರಿ. ಒಂದು ಮಗುಗೆ ಐದು ನಿಮಿಷ ಹಿಡಿಯಬಹುದು. ಮುಗಿಯೋ ಹೊತ್ತಿಗೆ ನಿಮ್ಮ ಕೈಯಲ್ಲಿ ಒಂದು ಪಟ್ಟಿ ಇರುತ್ತೆ, ಯಾರು ಅಕ್ಷರದಲ್ಲಿದಾರೆ, ಯಾರು ಪದದಲ್ಲಿದಾರೆ, ಯಾರು ಪ್ಯಾರಾದಲ್ಲಿ. ನೀವು ಐದಾರು ಜನ ಇದ್ದೀರಲ್ಲ, ಒಬ್ಬೊಬ್ಬರು ಒಂದೊಂದು ಗುಂಪು ತಗೊಳಿ. ಕ್ಲಾಸ್ ಯಾವುದು ಅಂತ ನೋಡ್ಬೇಡಿ, ಮಟ್ಟ ನೋಡಿ. ಐದನೇ ಕ್ಲಾಸಿನ ಪುಸ್ತಕ ಹಿಡ್ಕೊಂಡು ಅಕ್ಷರ ಬರದ ಮಗುಗೆ ವರ್ಷವಿಡೀ ಪಾಠ ಕೇಳಿಸಿದ್ರೂ ಅದು ಅಲ್ಲೇ ಇರುತ್ತೆ.

ಕೇಳುವಾಗ ಒಂದು ಎಚ್ಚರ ಇರ್ಲಿ. ನಮ್ಮ ಮಕ್ಕಳಿಗೆ ಪಾಠ ಬಾಯಿಪಾಠ ಆಗಿರುತ್ತೆ, ಪುಸ್ತಕದ ಮೇಲೆ ಬೆರಳಿಟ್ಕೊಂಡು ಗಟಗಟ ಹೇಳ್ಬಿಡ್ತಾರೆ, ಬೆರಳು ಮಾತ್ರ ಬೇರೆ ಸಾಲಿನಲ್ಲಿರುತ್ತೆ. ಅಂಥ ಕಡೆ ಪುಟದ ಮಧ್ಯದ ಒಂದು ಸಾಲು ತೋರಿಸಿ ಓದು ಪುಟ್ಟ ಅನ್ನಿ, ತಕ್ಷಣ ಗೊತ್ತಾಗುತ್ತೆ. ಇನ್ನು ಕೆಲವು ಮಕ್ಕಳು ಚಿತ್ರ ನೋಡಿ ಊಹೆ ಮಾಡ್ತಾರೆ. ಒತ್ತಕ್ಷರ ಬಿಟ್ಟು ಅಮ್ಮ ಅನ್ನೋದನ್ನ ಅಮ ಅಂತ ಓದ್ತಾರೆ, ಅರ್ಕಾವತ್ತು ಬಂದ್ರಂತೂ ನಿಂತೇ ಬಿಡ್ತಾರೆ, ಯಾಕಂದ್ರೆ ಸೂರ್ಯದಲ್ಲಿ ಕಣ್ಣಿಗೆ ಮೊದಲು ಕಾಣೋದು ಯ, ಬಾಯಲ್ಲಿ ಮೊದಲು ಬರ್ಬೇಕಾಗಿರೋದು ರ್. ಇಂಥವನ್ನ ಮಗುವಿನ ಹೆಸರಿನ ಮುಂದೆ ಬರೆದಿಟ್ಕೊಳಿ. ಆ ಗುರುತೇ ನಾಳೆಯ ಪಾಠ.

ಅಕ್ಷರದ ಗುಂಪು ನಿಮ್ಮ ಪಾಲಿಗೆ ಬಂದ್ರೆ ಅ ಆ ಇ ಈ ಅಂತ ಐವತ್ತನ್ನೂ ಒಂದೇ ಉಸಿರಿನಲ್ಲಿ ಹೇಳಿಸೋಕೆ ಹೋಗ್ಬೇಡಿ. ನಮ್ಮ ನಲಿ-ಕಲಿಯಲ್ಲಿ (ಸರ್ಕಾರಿ ಶಾಲೆಯ ಚಿಕ್ಕ ಕ್ಲಾಸುಗಳಲ್ಲಿ ಕಾರ್ಡ್ ಹಿಡಿದು ಕಲಿಯೋ ಪದ್ಧತಿ) ರ ಗ ಸ ದ ಅ ಇಂದ ಶುರು ಮಾಡ್ತಾರಲ್ಲ, ಅದಕ್ಕೊಂದು ಕಾರಣ ಇದೆ, ಆ ಐದೇ ಅಕ್ಷರದಲ್ಲಿ ಸರ, ರಸ, ದರ, ಅರಸ, ಅಗಸ, ಗರಗಸ ಇಷ್ಟೂ ಓದಬಹುದು, ಮೊದಲ ವಾರದಲ್ಲೇ ಮಗುಗೆ ನಾನು ಓದಿದೆ ಅನ್ನೋ ಖುಷಿ ಸಿಗುತ್ತೆ. ಆಮೇಲೆ ಜ ವ ಮ ಬ ನ ಸೇರಿಸ್ತಾ ಹೋಗಿ, ಮರ, ವನ, ಗಜ, ಜನ, ಬನ ಎಲ್ಲ ಬರುತ್ತೆ. ಎರಡನೇ ಕ್ಲಾಸಿನ ಟೀಚರ್ ಹತ್ರ ಆ ಕಾರ್ಡುಗಳು ಇದ್ದೇ ಇರುತ್ವೆ, ಕೇಳಿ ಇಸ್ಕೊಳಿ.

ಪ್ರಶ್ನೆ: ನಮ್ಮ ಶಾಲೆಗೆ ಎರಡು ವರ್ಷದಿಂದ ಸ್ವಯಂಸೇವಕರು ಬರ್ತಿದಾರೆ. ಅವರಿಗೆ ಒಂದು ದಿನ ದೊಡ್ಡ ಹಾಲ್‌ನಲ್ಲಿ ತರಬೇತಿ ಆಗಿರುತ್ತೆ, ಊಟ, ಸರ್ಟಿಫಿಕೇಟ್ ಎಲ್ಲ ಆಗಿರುತ್ತೆ, ಆದ್ರೆ ಕ್ಲಾಸಿಗೆ ಬಂದ ಮೇಲೆ ಮಕ್ಕಳಿಗೆ ಕಾಪಿ ಬರೆಯೋಕೆ ಹಾಕಿ ಕೂತ್ಬಿಡ್ತಾರೆ, ಎರಡು ತಿಂಗಳಿಗೆ ಅರ್ಧ ಜನ ಬರೋದೇ ನಿಲ್ಲಿಸ್ತಾರೆ. ಈ ವರ್ಷ ನಾವೇ ಶಾಲೆಯಲ್ಲೇ ತರಬೇತಿ ಕೊಡೋಣ ಅಂತಿದೀವಿ. ಎಷ್ಟು ದಿನ ಇಡ್ಬೇಕು, ಏನೇನು ಹೇಳ್ಬೇಕು?
(ಮುಖ್ಯ ಶಿಕ್ಷಕರು, ಸಿಂಧನೂರು ತಾಲ್ಲೂಕು)

ಉತ್ತರ: ಸರ್, ಶಾಲೆಯಲ್ಲೇ ಇಡ್ತೀವಿ ಅಂದಿದ್ದೀರಲ್ಲ, ಅದನ್ನ ಓದಿ ನಿಜವಾಗ್ಲೂ ಸಂತೋಷ ಆಯ್ತು. ಮಕ್ಕಳೇ ಇಲ್ಲದ ಹಾಲ್‌ನಲ್ಲಿ ಮಕ್ಕಳಿಗೆ ಹೇಗೆ ಕಲಿಸ್ಬೇಕು ಅಂತ ದಿನಪೂರ್ತಿ ಭಾಷಣ ಕೇಳಿದ್ರೆ ಯಾರಿಗೂ ಏನೂ ಬರಲ್ಲ. ಈಜು ಕಲಿಸೋರು ದಡದಲ್ಲಿ ಕೂರಿಸಿ ಕೈ ಹೀಗೆ ಆಡಿಸಿ ಹಾಗೆ ಆಡಿಸಿ ಅಂತ ಸಂಜೆವರೆಗೂ ಹೇಳಿದ್ರೆ ಆಗುತ್ತಾ ಹೇಳಿ, ನೀರಿಗೆ ಇಳೀಬೇಕಲ್ಲ.

ನನ್ನ ಅನುಭವದಲ್ಲಿ ಶುರುವಿನ ತರಬೇತಿ ಮೂರ್ನಾಲ್ಕು ದಿನ ಸಾಕು, ಆದ್ರೆ ಆ ಪ್ರತಿ ದಿನಾನೂ ಅರ್ಧ ಭಾಗ ಮಕ್ಕಳ ಜೊತೆ ಇರ್ಬೇಕು. ಬೆಳಿಗ್ಗೆ ಒಂದು ವಿಷಯ ತೋರಿಸಿ, ಹೇಳಿ ಅಲ್ಲ, ತೋರಿಸಿ. ನೀವೇ ಆರು ಮಕ್ಕಳನ್ನ ನೆಲದ ಮೇಲೆ ಕೂರಿಸ್ಕೊಂಡು ಇಪ್ಪತ್ತು ನಿಮಿಷ ಪಾಠ ಮಾಡಿ, ಬಂದವರು ಸುತ್ತ ಕೂತು ನೋಡ್ಲಿ. ಆಮೇಲೆ ಅವರು ಇಬ್ಬಿಬ್ಬರಾಗಿ ಅದನ್ನೇ ಬೇರೆ ಮಕ್ಕಳ ಜೊತೆ ಮಾಡ್ಲಿ, ಒಬ್ಬರು ಮಾಡುವಾಗ ಇನ್ನೊಬ್ಬರು ನೋಡ್ಲಿ. ನೋಡೋರಿಗೆ ಒಂದೇ ಕೆಲಸ ಕೊಡಿ, ಯಾವ ಮಗು ಎಷ್ಟು ಸಲ ಬಾಯಿ ಬಿಡ್ತು ಅಂತ ಗೆರೆ ಎಳೆದು ಲೆಕ್ಕ ಇಡೋದು. ಆರು ಮಕ್ಕಳಲ್ಲಿ ಇಬ್ಬರೇ ಮಾತಾಡಿರ್ತಾರೆ, ಉಳಿದ ನಾಲ್ವರ ಮುಂದೆ ಒಂದು ಗೆರೆನೂ ಇರಲ್ಲ. ಆ ಹಾಳೆನ ಮುಂದಿಟ್ರೆ ಸಾಕು, ಬೈಯೋ ಅಗತ್ಯನೇ ಬರಲ್ಲ, ನಾಳೆ ಅವರೇ ಸರಿ ಮಾಡ್ಕೊಳ್ತಾರೆ.

ಇನ್ನೊಂದು ಅಭ್ಯಾಸ ತಪ್ಪದೇ ಮಾಡಿಸಿ. ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರೋದು. ಅಮೆರಿಕದಲ್ಲಿ ಮೇರಿ ಬಡ್ ರೋ ಅನ್ನೋರು 1970ರ ದಶಕದಲ್ಲಿ ತರಗತಿಗಳ ರೆಕಾರ್ಡಿಂಗ್ ಕೇಳಿ ನೋಡಿದ್ರು, ಟೀಚರುಗಳು ಪ್ರಶ್ನೆ ಹಾಕಿ ಸರಾಸರಿ ಒಂದು ಸೆಕೆಂಡ್ ಮಾತ್ರ ಕಾಯ್ತಿದ್ರು, ಅದನ್ನ ಮೂರು ಸೆಕೆಂಡಿಗೆ ಏರಿಸಿದ್ದಕ್ಕೇ ಮಕ್ಕಳ ಉತ್ತರ ಉದ್ದ ಆಯ್ತು, ಮಾತೇ ಆಡದ ಮಕ್ಕಳೂ ಬಾಯಿಬಿಟ್ರು. ಕೇಳೋಕೆ ಸುಲಭ, ಮಾಡೋಕೆ ಬಹಳ ಕಷ್ಟ, ಹೊಸಬರಿಗೆ ಮೌನ ಅಂದ್ರೆ ಭಯ, ತಕ್ಷಣ ತಾವೇ ಉತ್ತರ ಹೇಳ್ಬಿಡ್ತಾರೆ. ಮನಸ್ಸಲ್ಲೇ ಐದರವರೆಗೆ ಎಣಿಸೋಕೆ ಹೇಳಿ, ಜೋಡೀಲಿ ಕೂರಿಸಿ ಅದನ್ನೇ ಪ್ರ್ಯಾಕ್ಟೀಸ್ ಮಾಡಿಸಿ.

ಇಷ್ಟಾದ ಮೇಲೆ ಹದಿನೈದು ದಿನಕ್ಕೊಂದು ಸಲ ಒಂದೂವರೆ ಗಂಟೆ ಎಲ್ಲರೂ ಕೂರ್ಲೇಬೇಕು, ಮೊದಲನೇ ಮೂರು ತಿಂಗಳಂತೂ ಬಿಡ್ಲೇಬೇಡಿ. ಅಲ್ಲಿ ಭಾಷಣ ಬೇಡ, ಪ್ರತಿಯೊಬ್ಬರೂ ಒಂದು ಮಗುವಿನ ನೋಟ್‌ಬುಕ್ ತರ್ಲಿ, ಈ ಮಗು ಇಲ್ಲಿ ಸಿಕ್ಕಿಹಾಕ್ಕೊಂಡಿದೆ, ಏನ್ ಮಾಡ್ಲಿ ಅಂತ ಕೇಳ್ಲಿ. ನಿಜವಾದ ತರಬೇತಿ ಅದೇ ಸರ್. ಕ್ಲಾಸಿಗೆ ಹೋಗದೇ ಇರುವಾಗ ಅವರಿಗೆ ಪ್ರಶ್ನೆಗಳೇ ಇರಲ್ಲ, ಹೋದ ಎರಡನೇ ವಾರದಲ್ಲಿ ಪ್ರಶ್ನೆಗಳ ಮೂಟೆನೇ ಇರುತ್ತೆ, ಆಗ ಹೇಳೋರು ಯಾರೂ ಇಲ್ಲ ಅಂದ್ರೆ ಕಾಪಿ ಬರೆಸಿ ಕೂರ್ತಾರೆ, ಆಮೇಲೆ ಬರೋದೇ ನಿಲ್ಲಿಸ್ತಾರೆ. ಅರ್ಧ ಜನ ಬಿಟ್ಟು ಹೋಗೋದಕ್ಕೆ ದುಡ್ಡಿಗಿಂತ ಇದೇ ದೊಡ್ಡ ಕಾರಣ ಅಂತ ನನಗನ್ಸುತ್ತೆ.

ನಮ್ಮ ನಲಿ-ಕಲಿ ಹುಟ್ಟಿದ್ದೂ ಹೀಗೇ ಅಲ್ವಾ. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿನ ಸಣ್ಣ ಶಾಲೆಗಳಲ್ಲಿ ಮಕ್ಕಳು ಕಾರ್ಡ್ ಹಿಡ್ಕೊಂಡು ತಮ್ಮಷ್ಟಕ್ಕೆ ಕಲಿಯೋದನ್ನ ಕಣ್ಣಾರೆ ನೋಡಿ, ವಾಪಸ್ ಬಂದು ತಾವೇ ಕೂತು ಕನ್ನಡಕ್ಕೆ ತಕ್ಕ ಹಾಗೆ ಮಾಡ್ಕೊಂಡ್ರು. ಅದು ಆಮೇಲೆ ರಾಜ್ಯಕ್ಕೆಲ್ಲ ಹರಡಿತು.

ಸಮಯದ ಬಗ್ಗೆ ಒಂದು ಮಾತು. ನಿಮ್ಮ ಪತ್ರದ ಕೊನೇಲಿ ಸಂಜೆ ದೇವಸ್ಥಾನದ ಜಗಲಿ ಮೇಲೆ ಮಾಡಿಸೋ ಯೋಚನೆ ಇದೆ ಅಂತ ಬರೆದಿದ್ದೀರಿ. ಆದಷ್ಟೂ ಶಾಲೆಯ ಅವಧಿಯಲ್ಲೇ ಒಂದು ಗಂಟೆ ಬಿಡಿಸ್ಕೊಡಿ. ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯಲ್ಲಿ ಹಳ್ಳಿಯ ಸ್ವಯಂಸೇವಕರು ಶಾಲೆಯ ಹೊರಗೆ ಓದಿನ ತರಗತಿ ನಡೆಸಿದ್ರು, ಬಂದ ಮಕ್ಕಳು ಚೆನ್ನಾಗೇ ಕಲಿತ್ರು, ಆದ್ರೆ ಯಾವ ಮಕ್ಕಳಿಗೆ ಅದು ಬೇಕಿತ್ತೋ ಅವರಲ್ಲಿ ಬಂದವರು ತೀರಾ ಕಡಿಮೆ. ಸಂಜೆ ಅಂದ್ರೆ ಹಿಂದೆ ಬಿದ್ದಿರೋ ಮಗುಗೇ ಕುರಿ ಮೇಯಿಸೋದು, ತಮ್ಮನ್ನ ನೋಡ್ಕೊಳೋದು, ನೀರು ತರೋದು ಇರುತ್ತೆ. ಮುಂದೆ ಅದೇ ರಾಜ್ಯದಲ್ಲಿ ಶಾಲೆಯ ಒಳಗೇ, ಶಾಲೆ ಹೊತ್ತಲ್ಲೇ, ಹತ್ತಿಪ್ಪತ್ತು ದಿನದ ಶಿಬಿರಗಳಾಗಿ ಮಾಡಿದಾಗ ಫಲ ಬೇರೇನೇ ಬಂತು. ನಿಮ್ಮಲ್ಲಿ ಭತ್ತದ ನಾಟಿ ಟೈಮಲ್ಲಿ ಹಾಜರಾತಿ ಹೇಗಿರುತ್ತೆ ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು, ಶಿಬಿರದ ದಿನಗಳನ್ನ ಅದನ್ನ ನೋಡ್ಕೊಂಡೇ ಇಡಿ.

ಪ್ರಶ್ನೆ: ಬ್ಯಾಂಕಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತನಾಗಿದೀನಿ. ಬಡಾವಣೆಯ ಸರ್ಕಾರಿ ಶಾಲೆಯಲ್ಲಿ ಐದನೇ ತರಗತಿಗೆ ಗಣಿತ ಹೇಳ್ತಿದೀನಿ. ಕಳೆಯೋ ಲೆಕ್ಕ ಎಷ್ಟು ಸಲ ಹೇಳಿದ್ರೂ 52ರಲ್ಲಿ 27 ಹೋದ್ರೆ 35 ಅಂತಾನೇ ಬರೀತಾರೆ. ನನ್ನ ವಿವರಣೆಯಲ್ಲಿ ಏನು ಕೊರತೆ ಇದೆಯೋ ತಿಳೀತಿಲ್ಲ.
(ಹಿರಿಯ ಓದುಗರು, ಮೈಸೂರು)

ಉತ್ತರ: ಸರ್, ಆ 35 ಸುಮ್ಮನೆ ಬಂದಿದ್ದಲ್ಲ. ಎರಡರಲ್ಲಿ ಏಳು ಹೋಗಲ್ಲ ಅಂತ ಮಗುಗೆ ಗೊತ್ತು, ಹಾಗಾಗಿ ಏಳರಲ್ಲಿ ಎರಡು ಕಳೆದು ಐದು ಬರೀತು, ಐದರಲ್ಲಿ ಎರಡು ಕಳೆದು ಮೂರು ಬರೀತು. ದೊಡ್ಡದರಲ್ಲಿ ಚಿಕ್ಕದನ್ನ ಕಳೀಬೇಕು ಅಂತ ಎಲ್ಲೋ ಕೇಳಿದ ನಿಯಮನ ಅದು ನಿಷ್ಠೆಯಿಂದ ಪಾಲಿಸ್ತಿದೆ. ಇನ್ನೊಂದ್ಸಲ ಅದೇ ವಿವರಣೆ ಜೋರಾಗಿ ಹೇಳಿದ್ರೆ ಪ್ರಯೋಜನ ಇಲ್ಲ. ಹೇಗೆ ಮಾಡಿದೆ ಹೇಳು ಮರಿ ಅಂತ ಕೇಳಿ, ಅದು ಹೇಳೋವರೆಗೂ ಕಾಯಿರಿ. ತಪ್ಪು ಲೆಕ್ಕಕ್ಕೆ ಮಾತ್ರ ಕೇಳಿದ್ರೆ ಮಗು ಹೆದರುತ್ತೆ, ಸರಿ ಮಾಡಿದ ಲೆಕ್ಕಕ್ಕೂ ಇದೇ ಪ್ರಶ್ನೆ ಕೇಳ್ತಾ ಇರಿ.

ಆಮೇಲೆ ಸ್ಲೇಟು ಪಕ್ಕಕ್ಕಿಡಿ. ಹತ್ತರ ಐದು ನೋಟು, ಒಂದು ರೂಪಾಯಿಯ ಎರಡು ನಾಣ್ಯ ಕೊಟ್ಟು, ಅಂಗಡಿಯವನಿಗೆ 27 ರೂಪಾಯಿ ಕೊಡಪ್ಪ ಅನ್ನಿ. ಎರಡು ನೋಟು ಕೊಟ್ಟು, ಮೂರನೇ ನೋಟಿಗೆ ಚಿಲ್ಲರೆ ಬೇಕು ಅಂತ ಅದೇ ಕೇಳುತ್ತೆ. ನೋಟು ಮುರಿಸಿ ಹತ್ತು ನಾಣ್ಯ ಮಾಡ್ಕೊಳೋದೇ ದಶಕ ತಗೊಳೋದು ಅನ್ನೋದು ಕೈಗೆ ಸಿಕ್ಕ ಮೇಲೆ ಹಾಳೆ ಮೇಲೆ ಬರೆಸಿ. ಬ್ಯಾಂಕಲ್ಲಿದ್ದ ನಿಮಗಿಂತ ಚೆನ್ನಾಗಿ ಈ ಆಟ ಯಾರು ಆಡಿಸ್ತಾರೆ. ಅಕ್ಷರ ಫೌಂಡೇಷನ್‌ನವರು ಸರ್ಕಾರದ ಜೊತೆ ಸೇರಿ ಗಣಿತ ಕಲಿಕಾ ಆಂದೋಲನದಲ್ಲಿ ನಾಲ್ಕು-ಐದನೇ ಕ್ಲಾಸಿಗೆ ಅಂತ ಕೊಟ್ಟ ಕಿಟ್ ನಿಮ್ಮ ಶಾಲೆಯ ಬೀರುವಿನಲ್ಲಿ ಇದ್ರೂ ಇರಬಹುದು, ಆಟದ ನೋಟು, ಮಣಿಕಟ್ಟು (ಅಬಾಕಸ್), ಭಿನ್ನರಾಶಿ ಪಟ್ಟಿ ಎಲ್ಲ ಅದ್ರಲ್ಲಿವೆ. ಎಷ್ಟೋ ಕಡೆ ಕಳೆದುಹೋಗುತ್ತೆ ಅನ್ನೋ ಭಯಕ್ಕೆ ಬೀಗ ಹಾಕಿಟ್ಟಿರ್ತಾರೆ, ದಯವಿಟ್ಟು ಕೇಳಿ ತೆಗೆಸಿ.

ಮುನ್ನೂರಾ ಐದು ಬರಿ ಅಂದ್ರೆ 3005 ಅಂತ ಬರೆಯೋದೂ ಇದೇ ಬೇರಿನ ತೊಂದರೆ. ಕೇಳಿದ್ದನ್ನ ಕೇಳಿದ ಹಾಗೇ ಮುನ್ನೂರು, ಐದು ಅಂತ ಪಕ್ಕಪಕ್ಕ ಬರೆದಿರುತ್ತೆ. ಸ್ಥಾನಬೆಲೆ ಗಟ್ಟಿಯಾಗೋವರೆಗೂ ಗುಣಾಕಾರ, ಭಾಗಾಕಾರಕ್ಕೆ ಹೋಗ್ಬೇಡಿ, ಸಿಲಬಸ್ ಮುಗಿಸೋ ಜವಾಬ್ದಾರಿ ಕ್ಲಾಸ್ ಟೀಚರದ್ದು, ನಿಮ್ಮದಲ್ಲ.

ಪ್ರಶ್ನೆ: ನನ್ನ ಮಗಳು ಐದನೇ ಕ್ಲಾಸು. ಹೊರಗಿಂದ ಬರೋ ಹುಡುಗ ಹುಡುಗೀರು ಮಕ್ಕಳನ್ನ ಗುಂಪು ಮಾಡಿ ಇವಳನ್ನ ಮೂರನೇ ಕ್ಲಾಸಿನ ಚಿಕ್ಕವರ ಜೊತೆ ಕೂರಿಸಿದಾರೆ. ದಡ್ಡರ ಗುಂಪು ಅಂತ ಉಳಿದವರು ಆಡ್ಕೊಳ್ತಾರಂತೆ, ಶಾಲೆಗೇ ಹೋಗಲ್ಲ ಅಂತ ಅಳ್ತಾಳೆ. ನಾನು ಗಾರ್ಮೆಂಟ್ಸಿಗೆ ಹೋಗೋಳು, ಹೋಗಿ ಕೇಳೋಕೂ ಟೈಮಿಲ್ಲ. ಇದು ಸರೀನಾ ಅಕ್ಕಾ?
(ಓದುಗರು, ಪೀಣ್ಯ, ಬೆಂಗಳೂರು)

ಉತ್ತರ: ಗುಂಪು ಮಾಡಿದ್ದು ಸರಿ ಅಮ್ಮ, ಮಾಡಿದ ರೀತಿ ಸರಿಯಿಲ್ಲ. ಮಗಳಿಗೆ ಬರೋ ಮಟ್ಟದಿಂದ ಶುರು ಮಾಡಿದ್ರೆ ಅವಳು ಬೇಗ ಹತ್ತಿಕೊಳ್ತಾಳೆ, ಅದಕ್ಕೆ ಬೇಡ ಅನ್ಬೇಡಿ. ಆದ್ರೆ ಹತ್ತು ವರ್ಷದ ಹುಡುಗಿಗೆ ಚಿಕ್ಕ ಮಕ್ಕಳ ಮುಂದೆ ಕೂರೋದು ಎಷ್ಟು ನೋವು ಅಂತ ಗುಂಪು ಮಾಡಿದವರಿಗೆ ಯಾರೂ ಹೇಳಿಕೊಟ್ಟಿಲ್ಲ. ತರಬೇತಿಯಲ್ಲಿ ಇದು ಬರ್ಲೇಬೇಕು. ಗುಂಪಿಗೆ ನಂಬರ್ ಹಾಕ್ಬಾರದು, ಎ ಬಿ ಸಿ ಅನ್ನಬಾರದು, ಹೂವಿನ ಹೆಸರೋ ನದಿ ಹೆಸರೋ ಮಕ್ಕಳೇ ಇಟ್ಕೊಳ್ಳಲಿ. ಶುರುವಿನ ಹದಿನೈದು ನಿಮಿಷ ಎಲ್ಲ ಮಕ್ಕಳೂ ಒಟ್ಟಿಗೆ ಹಾಡು, ಕಥೆ, ಆಮೇಲೆ ಗುಂಪು. ಎರಡು ಮೂರು ವಾರಕ್ಕೊಮ್ಮೆ ಮತ್ತೆ ಓದಿಸಿ ನೋಡಿ ಮಕ್ಕಳನ್ನ ಮುಂದಿನ ಗುಂಪಿಗೆ ಕಳಿಸ್ತಾನೇ ಇರ್ಬೇಕು, ಈ ಗುಂಪು ಯಾರಿಗೂ ಖಾಯಂ ಅಲ್ಲ ಅಂತ ಮಕ್ಕಳಿಗೆ ಕಣ್ಣಿಗೆ ಕಾಣ್ಬೇಕು. ದೊಡ್ಡ ಮಕ್ಕಳಿಗೆ ಸುಲಭದ ಸಾಲುಗಳಿರೋ ಆದ್ರೆ ಅವರ ವಯಸ್ಸಿಗೆ ತಕ್ಕ ವಿಷಯ ಇರೋ ಓದು ಕೊಡ್ಬೇಕು, ಕ್ರಿಕೆಟ್, ಬಸ್ಸು, ಸಂತೆ, ಅಡುಗೆ, ಹೀಗೆ.

ನೀವು ರಜೆ ಹಾಕಿ ಹೋಗೋದು ಬೇಡ, ಒಂದು ಚೀಟಿ ಬರೆದು ಮಗಳ ಕೈಲಿ ಹೆಡ್‌ಮಾಸ್ಟರಿಗೆ ಕಳಿಸಿ, ಇಲ್ಲಾಂದ್ರೆ ಫೋನ್ ಮಾಡಿ. ಯಾರಾದ್ರೂ ಮಗುವನ್ನ ಹೊಡೆದ್ರೆ, ಅಥವಾ ಎಲ್ಲರ ಮುಂದೆ ಹೀನಾಯವಾಗಿ ಮಾತಾಡಿದ್ರೆ, 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಅದನ್ನ ಸ್ಪಷ್ಟವಾಗಿ ನಿಷೇಧ ಮಾಡಿದೆ, ಮನಸ್ಸಿಗೆ ಹಿಂಸೆ ಕೊಡೋದೂ ಅದ್ರಲ್ಲಿ ಸೇರಿದೆ. ಧೈರ್ಯವಾಗಿ ಕೇಳಿ.

ಪ್ರಶ್ನೆ: ಸಾಫ್ಟ್‌ವೇರ್ ಕಂಪನಿ ಉದ್ಯೋಗಿ. ಶನಿವಾರ ಬೆಳಿಗ್ಗೆ ಒಂದು ಶಾಲೆಗೆ ಹೋಗ್ತೀನಿ ಅಂದೆ. ಫೋಟೊ, ಗುರುತಿನ ಚೀಟಿ, ಪೊಲೀಸ್ ವೆರಿಫಿಕೇಷನ್ ಎಲ್ಲ ಕೇಳಿದ್ರು, ಮಗುವಿನ ಜೊತೆ ಒಬ್ಬರೇ ರೂಮಲ್ಲಿ ಇರ್ಬಾರದು, ಫೋಟೊ ತೆಗೀಬಾರದು ಅಂತ ಹಾಳೆಗೆ ಸೈನ್ ಮಾಡಿಸಿದ್ರು. ಸೇವೆ ಮಾಡೋಕೆ ಬಂದವರನ್ನ ಹೀಗೆ ಅನುಮಾನಿಸಿದ್ರೆ ಯಾರು ಬರ್ತಾರೆ? ಅಂದ ಹಾಗೆ ವಾರಕ್ಕೊಂದು ದಿನ ಹೋದ್ರೆ ಏನಾದ್ರೂ ಪ್ರಯೋಜನ ಇದೆಯಾ?
(ಓದುಗರು, ಬೆಂಗಳೂರು)

ಉತ್ತರ: ಆ ಶಾಲೆಯವರು ಬಹಳ ಒಳ್ಳೆ ಕೆಲಸ ಮಾಡಿದಾರೆ, ಎಲ್ಲ ಶಾಲೆಯವರೂ ಹಾಗೇ ಮಾಡ್ಲಿ ಅಂತ ನನ್ನ ಆಸೆ. ನಿಯಮ ನಿಮ್ಮೊಬ್ಬರ ಮೇಲಿನ ಅನುಮಾನಕ್ಕೆ ಅಲ್ಲ, ಬರೋ ಎಲ್ಲರಿಗೂ ಒಂದೇ. ಬಾಗಿಲು ತೆರೆದಿರೋ ಕಡೆ, ಬೇರೆಯವರ ಕಣ್ಣಿಗೆ ಬೀಳೋ ಜಾಗದಲ್ಲಿ ಪಾಠ ಮಾಡಿದ್ರೆ ಮಗುವೂ ಸುರಕ್ಷಿತ, ನೀವೂ ಸುರಕ್ಷಿತ. ಮಕ್ಕಳ ಫೋಟೊ ಸ್ಟೇಟಸ್‌ಗೆ ಹಾಕೋದು, ಮಗುಗೆ ಪರ್ಸನಲ್ ನಂಬರ್ ಕೊಟ್ಟು ಮೆಸೇಜ್ ಮಾಡೋದು, ಗಾಡೀಲಿ ಮನೆಗೆ ಬಿಡೋದು, ಮುದ್ದಿನ ಮಗುಗೆ ಗುಟ್ಟಾಗಿ ಗಿಫ್ಟ್ ಕೊಡೋದು, ಇವೆಲ್ಲ ಪ್ರೀತಿಯಿಂದ ಮಾಡಿದ್ರೂ ಬೇಡ. ಇನ್ನೊಂದು ವಿಷಯ ತರಬೇತಿಯಲ್ಲಿ ಬಿಟ್ಟುಹೋಗ್ಬಾರದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದ್ರೆ ಪೊಲೀಸರಿಗೆ ತಿಳಿಸೋದು 2012ರ ಪೋಕ್ಸೊ ಕಾಯ್ದೆ ಪ್ರಕಾರ ಕಡ್ಡಾಯ, ಸ್ವಯಂಸೇವಕರಿಗೂ ಕಡ್ಡಾಯ. ಮಗು ನಿಮ್ಮ ಹತ್ರ ಏನಾದ್ರೂ ಹೇಳ್ಕೊಂಡ್ರೆ ಯಾರಿಗೂ ಹೇಳಲ್ಲ ಅಂತ ಮಾತು ಕೊಡ್ಬೇಡಿ, ಕೆದಕಿ ಕೆದಕಿ ಕೇಳ್ಬೇಡಿ, ಹೇಳಿದ್ದಷ್ಟನ್ನ ಸಮಾಧಾನವಾಗಿ ಕೇಳಿ ತಕ್ಷಣ ಮುಂದಿನ ಕ್ರಮಕ್ಕೆ ಹೋಗಿ. ಮಕ್ಕಳ ಸಹಾಯವಾಣಿ 1098, ಹಗಲೂ ರಾತ್ರಿ ಇರುತ್ತೆ.

ವಾರಕ್ಕೊಂದು ದಿನ ಅಂದ್ರೆ, ಅಕ್ಷರ ಕಲಿಸೋ ಕೆಲಸಕ್ಕೆ ಅದು ಸಾಲಲ್ಲ, ಶನಿವಾರ ಕಲಿತಿದ್ದು ಮುಂದಿನ ಶನಿವಾರಕ್ಕೆ ಮರೆತಿರುತ್ತೆ. ಓದೋಕೆ ಬರೋ ಮಕ್ಕಳ ಜೊತೆ ಕಥೆ ಪುಸ್ತಕ ಓದಿ, ವಿಜ್ಞಾನದ ಸಣ್ಣ ಪ್ರಯೋಗ ಮಾಡಿಸಿ, ಇಲ್ಲಾಂದ್ರೆ ದಿನಾ ಬರೋ ಸ್ಥಳೀಯ ಟ್ಯೂಟರ್‌ಗೆ ಕಾರ್ಡು ಮಾಡ್ಕೊಡೋದು, ಮಕ್ಕಳ ಪಟ್ಟಿ ಅಪ್‌ಡೇಟ್ ಮಾಡೋದು ಇಂಥ ಸಹಾಯ ಮಾಡಿ. ಆದ್ರೆ ಹೇಳಿದ ಶನಿವಾರ ತಪ್ಪಿಸ್ಬೇಡಿ. ಗೇಟಿನ ಹತ್ರ ಕಾಯೋ ಮಕ್ಕಳಿರ್ತಾರೆ.

ಪ್ರಶ್ನೆ: ನನ್ನ ಗುಂಪಿನ ಎಂಟು ಮಕ್ಕಳೂ ತಾಂಡಾದವರು, ಮನೇಲಿ ಲಂಬಾಣಿ. ನಾನು ಕನ್ನಡದಲ್ಲಿ ಹೇಳಿದ್ದು ಅರ್ಥ ಆಗುತ್ತೋ ಇಲ್ವೋ ಅಂತಾನೇ ತಿಳಿಯಲ್ಲ, ತಲೆ ಮಾತ್ರ ಆಡಿಸ್ತಾರೆ.
(ಓದುಗರು, ಕಲಬುರಗಿ ಜಿಲ್ಲೆ)

ಉತ್ತರ: ತಲೆ ಆಡಿಸೋದನ್ನ ಅರ್ಥ ಆಯ್ತು ಅಂತ ತಗೋಬೇಡಿ, ಅದು ಮರ್ಯಾದೆಗೆ ಆಡಿಸೋದು. ಮೊದಲ ಎರಡು ಮೂರು ವಾರ ಓದು-ಬರಹ ಕಡಿಮೆ ಮಾಡಿ, ಮಾತು ಜಾಸ್ತಿ ಮಾಡಿ. ಒಂದು ದೊಡ್ಡ ಚಿತ್ರ ಇಟ್ಟು ಇದಕ್ಕೆ ನಿಮ್ಮನೇಲಿ ಏನಂತಾರೆ ಅಂತ ಕೇಳಿ, ಅವರ ಮಾತಿನ ಪದನ ಕನ್ನಡ ಲಿಪಿಯಲ್ಲೇ ಬೋರ್ಡ್ ಮೇಲೆ ಬರೀರಿ, ಪಕ್ಕದಲ್ಲಿ ಕನ್ನಡ ಪದ ಬರೀರಿ. ತಮ್ಮ ಮಾತು ಬೋರ್ಡ್ ಮೇಲೆ ಬಂದಿದ್ದು ನೋಡಿದ ಮಕ್ಕಳು ಬಾಯಿ ಬಿಡ್ತಾರೆ. ಲಂಬಾಣಿಲಿ ಮಾತಾಡ್ಬೇಡಿ ಅಂತ ಮಾತ್ರ ಯಾವತ್ತೂ ಹೇಳ್ಬೇಡಿ. ತಾಂಡಾದಲ್ಲೇ ಪಿಯುಸಿ ಓದಿರೋ ಹುಡುಗಿ ಯಾರಾದ್ರೂ ಇದ್ರೆ ಅವರನ್ನೇ ಜೊತೆಗೆ ಟ್ಯೂಟರ್ ಆಗಿ ಸೇರಿಸ್ಕೊಳಿ, ಅವರಿಗೆ ನೀವು ತರಬೇತಿ ಕೊಡಿ, ನಿಮಗೆ ಅವರು ಮಾತು ಕಲಿಸ್ಲಿ.

ಪ್ರಶ್ನೆ: ಓದೋಕೆ ಬೇರೆ ಪುಸ್ತಕ ಎಲ್ಲಿಂದ ತರೋದು? ಶಾಲೆಯಲ್ಲಿರೋದು ಪಠ್ಯಪುಸ್ತಕ ಮಾತ್ರ.
(ಓದುಗರು, ಶಿರಸಿ)

ಉತ್ತರ: ಗ್ರಾಮ ಪಂಚಾಯಿತಿ ಲೈಬ್ರರಿಗೆ ಹೋಗಿ, ಈಗ ಅದಕ್ಕೆ ಅರಿವು ಕೇಂದ್ರ ಅಂತ ಹೆಸರು. 2020ರಲ್ಲಿ ಓದುವ ಬೆಳಕು ಕಾರ್ಯಕ್ರಮ ಬಂದಾಗಿಂದ ಮಕ್ಕಳಿಗೆ ಸದಸ್ಯತ್ವ ಉಚಿತ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ವೆಬ್‌ಸೈಟಿನಲ್ಲಿ ಕನ್ನಡದ ಮಕ್ಕಳ ಕಥೆಗಳು ದುಡ್ಡಿಲ್ಲದೆ ಸಿಗುತ್ವೆ, ಮಟ್ಟದ ಪ್ರಕಾರ ಬೇರೆ ಬೇರೆ ಇಟ್ಟಿದಾರೆ, ಪ್ರಿಂಟ್ ತೆಗೆದು ದಾರ ಹಾಕಿ ಹೊಲಿದ್ರೆ ಪುಸ್ತಕ ರೆಡಿ. ಮಕ್ಕಳು ತಾವೇ ಹೇಳಿದ ಸುದ್ದಿನ ನೀವು ಬರ್ಕೊಂಡು ನಾಳೆ ಅದನ್ನೇ ಓದೋಕೆ ಕೊಡಿ, ಅದಕ್ಕಿಂತ ಇಷ್ಟಪಟ್ಟು ಓದೋ ಪುಸ್ತಕ ಇನ್ನೊಂದಿಲ್ಲ.

ಪ್ರಶ್ನೆ: ನಾವು ಹಾಸನ ಜಿಲ್ಲೆಯ ಒಂದೇ ಹಳ್ಳಿ ಶಾಲೆಯಲ್ಲಿ ಓದಿ ಈಗ ಅಮೆರಿಕದಲ್ಲಿರೋ ಕೆಲವು ಸ್ನೇಹಿತರು. ನಮ್ಮ ಶಾಲೆಗೆ ಇಪ್ಪತ್ತು ಟ್ಯಾಬ್ಲೆಟ್ ಕೊಡಿಸೋಣ ಅಂತ ಹಣ ಸೇರಿಸಿದೀವಿ. ಟ್ಯಾಬ್ ಇದ್ರೆ ಟ್ಯೂಟರ್ ಬೇಕಾಗಲ್ಲ ಅಲ್ವಾ? ಯಾವ ಕಂಪನಿದು ತಗೋಬೇಕು?
(ಓದುಗರು, ಟೆಕ್ಸಸ್)

ಉತ್ತರ: ಹುಟ್ಟಿದೂರಿನ ಶಾಲೆನ ನೆನೆಸ್ಕೊಂಡಿದ್ದೀರಿ, ಬಹಳ ಸಂತೋಷ. ಟ್ಯಾಬ್ ಬಗ್ಗೆ ಮಾತ್ರ ಒಂದ್ಸಲ ಯೋಚನೆ ಮಾಡಿ. ಅಕ್ಷರ ಗೊತ್ತಿಲ್ಲದ ಮಗು ಟ್ಯಾಬ್ ಮುಂದೆ ಕೂತ್ರೆ ಬಣ್ಣ ನೋಡಿ ಬಟನ್ ಒತ್ತುತ್ತೆ, ಅದು ಎಲ್ಲಿ ತಡವರಿಸ್ತಿದೆ ಅಂತ ಪಕ್ಕದಲ್ಲಿ ಕೂತು ಕೇಳೋರು ಬೇಕೇ ಬೇಕು. ಚಾರ್ಜ್, ರಿಪೇರಿ, ನೆಟ್‌ವರ್ಕ್ ಇವೆಲ್ಲ ಬೇರೆ ಇವೆ.

ಆ ಹಣದಲ್ಲಿ ಊರಿನ ಇಬ್ಬರು ಮೂವರು ಓದಿದ ಹೆಣ್ಮಕ್ಕಳಿಗೆ ತಿಂಗಳು ತಿಂಗಳು ತಪ್ಪದೇ ಗೌರವಧನ ಕೊಡಬಹುದು, ಕನಿಷ್ಠ ಎರಡು ವರ್ಷಕ್ಕೆ ಅಂತ ಮೊದಲೇ ಹೇಳಿ ಕೊಡಿ, ಆರು ತಿಂಗಳು ಕೊಟ್ಟು ನಿಲ್ಲಿಸಿದ್ರೆ ಕಲಿತ ಟ್ಯೂಟರ್ ಬೇರೆ ಕೆಲಸ ನೋಡ್ಕೊಂಡು ಹೋಗ್ತಾರೆ, ಅವರಿಗೆ ಕೊಟ್ಟ ತರಬೇತಿನೂ ಅವರ ಜೊತೆ ಹೋಗುತ್ತೆ. ತರಬೇತಿ ದಿನಗಳಿಗೂ ಸಂಬಳ ಇರ್ಲಿ, ಹದಿನೈದು ದಿನಕ್ಕೊಮ್ಮೆ ಕೂರೋ ಸಭೆಗೂ ಇರ್ಲಿ, ಬಸ್ ಚಾರ್ಜ್ ಬೇರೆ ಕೊಡಿ. ಹಣನ ಯಾರದೋ ಸ್ವಂತ ಖಾತೆಗೆ ಹಾಕ್ಬೇಡಿ. ವಿದೇಶದಿಂದ ಹಣ ತಗೊಳೋಕೆ ಸಂಸ್ಥೆಗಳಿಗೆ ಎಫ್‌ಸಿಆರ್‌ಎ ನಿಯಮ ಇದೆ, ನಿಮ್ಮಲ್ಲಿ ಕೆಲವರಿಗೆ ಈಗಲೂ ಭಾರತದ ಪಾಸ್‌ಪೋರ್ಟ್ ಇದೆಯಾ, ಇನ್ನು ಕೆಲವರು ಅಲ್ಲಿನ ಪೌರರಾಗಿದಾರಾ ಅನ್ನೋದರ ಮೇಲೆ ಲೆಕ್ಕ ಬೇರೆ ಆಗುತ್ತೆ, ಕಳಿಸೋ ಮುಂಚೆ ಇಲ್ಲಿನ ಒಬ್ಬ ಆಡಿಟರ್ ಹತ್ರ ಕೇಳಿ. ಮುಖ್ಯ ಶಿಕ್ಷಕರು, ಎಸ್‌ಡಿಎಂಸಿ ಇಬ್ಬರ ಜೊತೆನೂ ಮಾತಾಡಿ. ಹಣ ಉಳಿದ್ರೆ ಶಾಲೆಗೊಂದು ಒಳ್ಳೆ ಪ್ರಿಂಟರ್ ಕೊಡಿಸಿ, ಶಿರಸಿಯ ಓದುಗರು ಕೇಳಿದ ಪುಸ್ತಕದ ಸಮಸ್ಯೆ ಅಲ್ಲೂ ಇರುತ್ತೆ.